ಬಣ್ಣದ ಡಬ್ಬಿಯಲ್ಲಿ ಶಕ್ತಿ ಮಾತ್ರೆ

ಮನೆಗಳಿಗೆ ಬಣ್ಣ ಬಳಿಯೋ ಬಣ್ಣದಣ್ಣ ಇದ್ದಾನಲ್ಲ, ಅವನ ಮನೇಲಿ ಒಂದು ತೊಂದರೆ ಶುರುವಾಯ್ತು. ಏನಪ್ಪಾ ಅಂಥಾ ತೊಂದರೆ ಅಂತೀರಾ? ಹೆಂಡತಿ ಬೈಯೋದು ನಿಲ್ಲಿಸಿಬಿಟ್ಟಳು.

ನಗಬೇಡಿ! ಅವಳು ಯಾರು ಅಂತ ಗೊತ್ತಾದ್ರೆ ನಿಮಗೂ ಎದೆ ಧಸಕ್ ಅನ್ನುತ್ತೆ. ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸು ಕೂಗೋ ಕೆಲಸ ಅವಳದು. ಎಲ್ಲರೂ ಮೈಕಕ್ಕ ಅಂತಲೇ ಕರೆಯೋದು. ಅವಳಿಗೆ ಮೈಕ್ ಬೇಕಾಗಿರಲಿಲ್ಲ, ಮೈಕಿಗೇ ಅವಳು ಬೇಕಾಗಿತ್ತು. ಒಂದ್ಸಲ ಕರೆಂಟ್ ಹೋದಾಗ ಬರೀ ಬಾಯಲ್ಲೇ ಕೂಗಿದ್ದಕ್ಕೆ, ಆಗಲೇ ಹೊರಟು ಸೇತುವೆ ದಾಟಿದ್ದ ಬಸ್ಸು ತಿರುಗಿಸ್ಕೊಂಡು ಬಂತು. ಡ್ರೈವರ್ ಇಳಿದು ಕೈಕಟ್ಟಿ ನಿಂತು "ಕರೆದ್ರಾ ಅಕ್ಕಾ?" ಅಂದ. ಸುಳ್ಳಾದ್ರೆ ಆ ಡ್ರೈವರನ್ನೇ ಕೇಳಿ. ಮನೇಲೂ ಅಷ್ಟೇ. ಅವಳು ಗಂಡನ್ನ ಬೈಯೋಕೆ ನಿಂತ್ರೆ ಗೋಡೆ ಮೇಲಿನ ಹಲ್ಲಿನೂ ಲೊಚಗುಟ್ಟೋದು ಮರೆತು ಕೇಳ್ತಾ ಕೂರ್ತಿತ್ತು.

ಅಂಥಾ ಹೆಂಗಸು ಮಂಕಾದಳು.

ಮೊದಮೊದಲು ಬಣ್ಣದಣ್ಣನಿಗೆ ಗೊತ್ತೇ ಆಗಲಿಲ್ಲ. ಮನೆ ತಣ್ಣಗಿದೆ, ಪುಣ್ಯ ಅಂದ್ಕೊಂಡ. ಆಮೇಲೆ ನೋಡ್ತಾನೆ, ಮಂಚದ ಅಂಚಿನಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು, ಇನ್ನೊಂದನ್ನ ಕೈಯಲ್ಲಿ ಹಿಡ್ಕೊಂಡು ಸುಮ್ಮನೆ ಕೂತಿರ್ತಾಳೆ. ಮುಂದಿಟ್ಟ ಚಹಾ ಕೆನೆಗಟ್ಟಿರುತ್ತೆ. ಊಟ ಸೇರಲ್ಲ, ನಿದ್ದೆ ಹತ್ತಲ್ಲ. ಸೌತೆಕಾಯಿ ಹೆಚ್ಚುತ್ತಾ ಅಳ್ತಾಳೆ. ಈರುಳ್ಳಿ ಹೆಚ್ಚಿ ಅತ್ತರೆ ಸರಿ, ಸೌತೆಕಾಯಿ ಯಾರನ್ನ ಅಳಿಸುತ್ತೆ ಹೇಳಿ?

ಒಂದಿನ ಅವಳೇ ಆರೋಗ್ಯ ಕೇಂದ್ರಕ್ಕೆ ಹೋಗಿ ಬಂದಳು.

"ರೀ, ಡಾಕ್ಟರಮ್ಮ ಇದನ್ನ ಖಿನ್ನತೆ ಅಂದ್ರು. ಸಕ್ಕರೆ ಕಾಯಿಲೆ ಥರ ಇದೂ ಒಂದು ಕಾಯಿಲೆ ಅಂತೆ. ದಿನಾ ಒಂದು ಮಾತ್ರೆ ಕೊಟ್ಟಿದಾರೆ. ಗುಣ ಕಾಣೋಕೆ ಕೆಲವು ವಾರ ಬೇಕಂತೆ, ಮಧ್ಯದಲ್ಲಿ ಬಿಡಬಾರದಂತೆ. ರಕ್ತ ಪರೀಕ್ಷೆನೂ ಮಾಡಿಸ್ಕೊಳ್ಳಿ ಅಂದ್ರು."

ಬಣ್ಣದಣ್ಣ ಬಾಗಿಲು ಹಾಕಿದ. ಪಕ್ಕದ ಮನೆಗೆ ಕೇಳಿಸಿಬಿಟ್ರೆ!

"ಮೆಲ್ಲಗೆ ಹೇಳೇ. ಅದು ತಲೆ ಕೆಟ್ಟೋರು ತಿನ್ನೋ ಮಾತ್ರೆ. ನಿಂಗೆ ಆಗಿರೋದು ಬರೀ ನಿಶ್ಶಕ್ತಿ."

ಒಳಗಿಂದ ಅವನ ಅಮ್ಮನೂ ದನಿ ಸೇರಿಸಿದಳು. "ನಮ್ಮ ಕಾಲದಲ್ಲಿ ಮಂಕಾಗೋಕೆ ಪುರುಸೊತ್ತೇ ಇರ್ತಿರಲಿಲ್ಲಪ್ಪಾ. ಈಗಿನವರಿಗೆ ಕುಂತ್ರೂ ಕಾಯಿಲೆ, ನಿಂತ್ರೂ ಕಾಯಿಲೆ."

ಮೈಕಕ್ಕ ಗೋಡೆ ಕಡೆ ತಿರುಗಿ ಮಲಗಿದಳು. ಮುಂಚಿನ ಮೈಕಕ್ಕ ಆಗಿದ್ರೆ ಅತ್ತೆ ಮಾತಿಗೆ ಬಡ್ಡಿ ಸಮೇತ ಉತ್ತರ ಕೊಡ್ತಿದ್ದಳು.

ಮಾರನೇ ದಿನ ಕೆಲಸದ ಜಾಗದಲ್ಲಿ ಬಣ್ಣದಣ್ಣ ಟೈಲ್ಸ್ ಮೇಸ್ತ್ರಿ ಹತ್ರ ಹೊಟ್ಟೆಯಲ್ಲಿದ್ದದ್ದು ಹೇಳ್ಕೊಂಡ. ಈ ಮೇಸ್ತ್ರಿ ಎಂಥವನು ಅಂದ್ರೆ, ಆನೆಗೆ ಹಲ್ಲುನೋವು ಬಂದ್ರೂ ಅವನ ಹತ್ರ ಔಷಧಿ ಇರುತ್ತೆ.

"ಅಯ್ಯೋ, ಅಷ್ಟಕ್ಕೆ ಯಾಕಣ್ಣಾ ಹೆದರ್ತೀಯ? ನನ್ನ ಭಾಮೈದ ಹಾಸಿಗೆ ಹಿಡಿದಿದ್ದ. ಒಂದು ಸೀಸೆ ಶಕ್ತಿ ಮಾತ್ರೆ ತಿಂದ ನೋಡು, ಈಗ ಮಹಡಿ ಹತ್ತೋಕೆ ಮೆಟ್ಟಿಲೇ ಬೇಡ ಅಂತಾನೆ."

"ಮತ್ತೆ ಡಾಕ್ಟರ್ ಕೊಟ್ಟ ಮಾತ್ರೆ?"

"ಅದು ಕೆಮಿಕಲ್ಲು. ಇದು ವಿಟಮಿನ್ನು. ವಿಟಮಿನ್ ತಿಂದು ಕೆಟ್ಟೋರು ಯಾರಿದ್ದಾರಣ್ಣಾ?"

ಬಣ್ಣದಣ್ಣನಿಗೆ ಬೇಕಾಗಿದ್ದೂ ಅದೇ, ಮೇಸ್ತ್ರಿ ಹೇಳಿದ್ದೂ ಅದೇ. ಸಂಜೆಗೆ ನಗೋ ಸೂರ್ಯನ ಚಿತ್ರ ಇದ್ದ ಸೀಸೆ ಮನೆಗೆ ಬಂತು. ಅದರ ಹಿಂದೆ ಕುದುರೆ ಚಿತ್ರದ್ದು ಬಂತು. ಮೊಬೈಲಲ್ಲಿ ಯಾರೋ ಒಬ್ಬಳು ಹಲ್ಲು ಕಿಸಿದು "ಚಿಂತೆ ಮಾಯ" ಅಂದಳು ಅಂತ ಹೂವಿನ ಚಿತ್ರದ್ದೂ ಬಂತು.

ಈಗ ಬಣ್ಣದಣ್ಣನ ಒಂದು ಅಭ್ಯಾಸ ಹೇಳಬೇಕು. ಬಣ್ಣ ಬಳಿದು ಡಬ್ಬಿ ತಳದಲ್ಲಿ ಉಳಿದದ್ದನ್ನ ಅವನು ಯಾವತ್ತೂ ಎಸೆದವನಲ್ಲ. ಹಸಿರು, ಹಳದಿ, ಕೆಂಪು, ಏನಿದ್ರೂ ಒಂದೇ ಡ್ರಮ್ಮಿಗೆ ಸುರಿಯೋದು, ಕೋಲು ಹಾಕಿ ತಿರುವೋದು. ಕೊನೆಗೆ ಅದು ಕೆಸರೂ ಅಲ್ಲ ಕಾಫಿನೂ ಅಲ್ಲ ಅನ್ನೋ ಬಣ್ಣಕ್ಕೆ ತಿರುಗುತ್ತೆ. ಹಿತ್ತಲ ಗೋಡೆಗೆ ಬಳಿಯೋಕೆ ಅದಕ್ಕಿಂತ ಬೇಕಾ? ಅವನ ಬೀದಿಯಲ್ಲಿ ಹಿತ್ತಲ ಗೋಡೆಗಳೆಲ್ಲಾ ಒಂದೇ ತಾಯಿ ಮಕ್ಕಳ ಹಾಗೆ ಕಾಣ್ತವೆ. ಒಂದು ಎಮ್ಮೆ ಅಂಥಾ ಗೋಡೆ ಪಕ್ಕ ನಿಂತಿದ್ದಾಗ ಅದರ ಯಜಮಾನನಿಗೇ ಕಾಣದೆ, ಪಾಪ, ಇಡೀ ಮಧ್ಯಾಹ್ನ ಹುಡುಕಿದ.

ಅದೇ ಕೈ, ಅದೇ ಬುದ್ಧಿ. ಒಂದು ಹೊಸಾ ಖಾಲಿ ಬಣ್ಣದ ಡಬ್ಬಿ ತೊಳೆದು ಒಣಗಿಸಿದ. ಸೂರ್ಯ, ಕುದುರೆ, ಹೂವು, ಮೂರೂ ಸೀಸೆ ಅದಕ್ಕೆ ಗಲಗಲ ಅಂತ ಸುರಿದ. ಕುಲುಕಿದ.

"ಒಳ್ಳೇದಕ್ಕೆ ಒಳ್ಳೇದು ಸೇರಿದ್ರೆ ಇನ್ನೂ ಒಳ್ಳೇದೇ ಆಗುತ್ತೆ ಕಣೇ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ. ಆ ಡಾಕ್ಟರ್ ಮಾತ್ರೆ ಇವತ್ತಿಗೆ ಬಿಟ್ಟುಬಿಡು."

ಚಮಚಕ್ಕೆ ಎಷ್ಟು ಬಿತ್ತೋ ಅಷ್ಟು. ಎಣಿಕೆ ಇಲ್ಲ, ಲೆಕ್ಕ ಇಲ್ಲ. ಮೈಕಕ್ಕನಿಗೆ ಬೇಡ ಅನ್ನೋಕೂ ತ್ರಾಣ ಇರಲಿಲ್ಲ. ನುಂಗಿದಳು. ಡಾಕ್ಟರಮ್ಮ ಕೊಟ್ಟ ಮಾತ್ರೆ ಗೋಡೆಯ ಗೂಡು ಸೇರಿತು. ರಕ್ತ ಪರೀಕ್ಷೆ ಮಾತು ಅಲ್ಲಿಗೇ ನಿಂತುಹೋಯ್ತು.

ಸ್ವಲ್ಪ ದಿನಕ್ಕೆ ತಲೆ ಸುತ್ತು ಬಂತು, ಸಿಡಿಮಿಡಿ ಬಂತು. ಇನ್ನೂ ಕೆಲವು ವಾರ ಕಳೆದ ಮೇಲೆ ಹೊಟ್ಟೆ ತೊಳಸೋದು, ಎಷ್ಟು ನೀರು ಕುಡಿದ್ರೂ ತೀರದ ದಾಹ, ಮಲಬದ್ಧತೆ. ಮಂಕು ಇಳಿಯೋ ಬದಲು ಏರಿತು.

"ಒಳಗಿನ ಕೊಳೆ ಹೊರಗೆ ಬರ್ತಾ ಇದೆ ಅಷ್ಟೇ," ಅಂದ ಮೇಸ್ತ್ರಿ.

ಬಣ್ಣದಣ್ಣ ಹೌದು ಅಂತ ತಲೆ ಆಡಿಸಿ ಚಮಚ ಇನ್ನೂ ತುಂಬಿಸಿದ. ಅವನಿಗೆ ಹೆಂಡತಿ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಪ್ರೀತಿ ಇದ್ದದ್ದಕ್ಕೇ ಚಮಚ ತುಂಬ್ತಾ ಇತ್ತು.

ಆ ವಾರ ಅವನಿಗೆ ಬಸ್ ನಿಲ್ದಾಣದ ಕಂಬಗಳಿಗೆ ಬಣ್ಣ ಬಳಿಯೋ ಕೆಲಸ ಸಿಕ್ಕಿತ್ತು. ಏಣಿ ಮೇಲೆ ನಿಂತಿದ್ದ. ಕೆಳಗೆ ಜನ, ಗಂಟು, ಮೂಟೆ, ಕಡಲೆಕಾಯಿ ಮಾರೋರು, ಎಂದಿನ ಗದ್ದಲ. ಬಸ್ಸೊಂದು ಹೊರಡೋಕೆ ಗುರ್ ಅಂತಿತ್ತು. ಮೈಕ್ ಟಕ್ ಅಂತ ಆನ್ ಆಯ್ತು. ಎಲ್ಲರೂ ಕಿವಿ ಕೊಟ್ರು.

ಮೈಕಿಂದ ಮಾತೇ ಬರಲಿಲ್ಲ. ಬರೀ ಉಸಿರು ಕೇಳಿಸ್ತು. ಇಡೀ ನಿಲ್ದಾಣವೇ ಉಸಿರಾಡ್ತಾ ಇದೆಯೇನೋ ಅನ್ನೋ ಹಾಗೆ, ಮೂಲೆ ಮೂಲೆಯ ಲೌಡ್‌ಸ್ಪೀಕರಿಂದಲೂ ಉಸಿರು. ಆಮೇಲೆ ಅವಳ ದನಿ ಬಂತು, ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಮೆಲ್ಲಗೆ.

"ನನ್ನ ಕೈಲಿ ಆಗ್ತಾ ಇಲ್ಲ. ಯಾಕಾದ್ರೂ ಇದೀನೋ ಅನ್ನಿಸುತ್ತೆ."

ಮೈಕ್ ಆನ್ ಇರೋದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಕಡಲೆಕಾಯಿಯವನು ಪೊಟ್ಟಣ ಕಟ್ಟೋದು ನಿಲ್ಲಿಸಿದ. ಹೊರಟಿದ್ದ ಬಸ್ಸಿನ ಡ್ರೈವರ್ ಇಂಜಿನ್ ಆಫ್ ಮಾಡಿದ.

ಬಣ್ಣದಣ್ಣ ಏಣಿ ಹೇಗೆ ಇಳಿದ ಅಂತ ಕೇಳಬೇಡಿ, ಅವನಿಗೇ ನೆನಪಿಲ್ಲ. ಮೈಕ್ ಕೋಣೆ ಬಾಗಿಲು ತಳ್ಳಿ ಒಳಗೆ ಹೋದ. ಅವಳು ಮೇಜಿನ ಮೇಲೆ ತಲೆ ಇಟ್ಟಿದ್ದಳು.

"ಏಳೇ. ಹೋಗೋಣ."

"ಎಲ್ಲಿಗೆ?"

"ನೀನು ಮೊದಲು ಹೋಗಿದ್ಯಲ್ಲಾ, ಅಲ್ಲಿಗೆ."

ಆರೋಗ್ಯ ಕೇಂದ್ರದ ನರ್ಸಮ್ಮ ಸಣ್ಣ ಆಳು, ದೊಡ್ಡ ಕನ್ನಡಕ. ಮೈಕಕ್ಕನ ಕೈ ಹಿಡಿದು ಪಕ್ಕದಲ್ಲೇ ಕೂತಳು. ಸುತ್ತು ಬಳಸು ಇಲ್ಲದೆ ನೇರವಾಗಿ ಕೇಳಿದಳು.

"ಅಕ್ಕಾ, ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?"

ಬಣ್ಣದಣ್ಣ ಗಾಬರಿಯಾದ. "ಸಿಸ್ಟರ್! ಅದನ್ನೆಲ್ಲಾ ಕೇಳಬಾರದು, ಇಲ್ಲದ ಯೋಚನೆ ಬಂದುಬಿಡುತ್ತೆ!"

"ಕೇಳಿದ್ರೆ ಬರಲ್ಲಣ್ಣಾ. ಇದ್ದದ್ದು ಹೊರಗೆ ಬರುತ್ತೆ, ಭಾರ ಇಳಿಯುತ್ತೆ. ನೀವು ಸುಮ್ಮನಿರಿ."

ಮೈಕಕ್ಕ ನರ್ಸಮ್ಮನ ಕೈ ಬಿಗಿಯಾಗಿ ಹಿಡ್ಕೊಂಡಳು. "ಸಾಯೋಕೆ ಏನೂ ಮಾಡ್ಕೊಂಡಿಲ್ಲ ಸಿಸ್ಟರ್. ಆದ್ರೆ ಬೆಳಿಗ್ಗೆ ಕಣ್ಣು ಬಿಡದೇ ಇದ್ದಿದ್ರೆ ಚೆನ್ನಾಗಿತ್ತು ಅನ್ನಿಸುತ್ತೆ."

ಬಣ್ಣದಣ್ಣ ಹೆಗಲ ಮೇಲಿನ ಟವೆಲ್ಲಿಂದ ಮುಖ ಒರೆಸ್ಕೊಂಡ.

"ಹೇಳಿದ್ದು ಒಳ್ಳೇದಾಯ್ತು ಅಕ್ಕಾ," ಅಂದಳು ನರ್ಸಮ್ಮ. "ಇನ್ನು ನೀವೊಬ್ಬರೇ ಹೊರಬೇಕಾಗಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ತಗೊಳ್ತಾ ಇದ್ದೀರಾ?"

ಮೈಕಕ್ಕ ಗಂಡನ ಮುಖ ನೋಡಿದಳು. ಬಣ್ಣದಣ್ಣ ನೆಲ ನೋಡಿದ.

"ಅದು ಬಿಡಿಸಿದೆ ಸಿಸ್ಟರ್. ನಮ್ಮ ಟೈಲ್ಸ್ ಮೇಸ್ತ್ರಿ ಹೇಳಿದ ಅಂತ ಬದಲಿಗೆ ವಿಟಮಿನ್ ಕೊಡ್ತಾ ಇದೀನಿ."

"ಯಾವುದು? ಎಷ್ಟು?"

"ಚಮಚದಲ್ಲಿ. ಎರಡು ಹೊತ್ತು."

"ಟಾನಿಕ್ಕಾ?"

"ಅಲ್ಲ. ಮಾತ್ರೆ."

ನರ್ಸಮ್ಮ ಕನ್ನಡಕ ಮೇಲೇರಿಸಿ ನೋಡಿದಳು. "ಮಾತ್ರೇನ ಚಮಚದಲ್ಲಿ ಕೊಡೋರನ್ನ ನಾನು ಇವತ್ತೇ ನೋಡ್ತಿರೋದು. ಹೋಗಿ ತಗೊಂಡು ಬನ್ನಿ. ಸೀಸೆ ಸಮೇತ."

ಬಣ್ಣದಣ್ಣ ಓಡಿದ. ಡಬ್ಬಿ ಸಿಕ್ಕಿತು. ಸೀಸೆ? ಖಾಲಿ ಸೀಸೆನಾದ್ರೂ ಅವನು ಎಸೀತಾನಾ! ಮೂರರಲ್ಲೂ ಬಣ್ಣದ ಪುಡಿ ತುಂಬಿಟ್ಟಿದ್ದ. ಮೇಲಿನ ಚೀಟಿಗಳ ಮೇಲೆ ನೀಲಿ ಹೆಬ್ಬೆಟ್ಟು, ಕೆಂಪು ಹೆಬ್ಬೆಟ್ಟು. ಹಾಗೇ ಮಡಿಲಲ್ಲಿ ತುಂಬ್ಕೊಂಡು ಬಂದ.

ನರ್ಸಮ್ಮ ಡಬ್ಬಿಯನ್ನ ಸ್ಟೀಲ್ ತಟ್ಟೆಗೆ ಬಗ್ಗಿಸಿದಳು. ಹಳದಿ, ಕಿತ್ತಳೆ, ಹಸಿರು, ಕಂದು, ಉರುಳಾಡ್ಕೊಂಡು ಬಂದ್ವು.

"ಇದೇನಣ್ಣಾ, ಹೆಂಡತಿಗೆ ಮಣಿಸರ ಪೋಣಿಸೋಕಾ?"

ಹತ್ತಿಯಿಂದ ಚೀಟಿಗಳನ್ನ ಒರೆಸಿ ಒಂದೊಂದೇ ಓದಿದಳು. ಓದ್ತಾ ಓದ್ತಾ ಅವಳ ಮುಖದ ನಗು ಹೋಯ್ತು.

"ಇಲ್ಲಿ ನೋಡಿ. ಈ ಸೂರ್ಯಂದು ವಿಟಮಿನ್ ಡಿ. ವಾರಕ್ಕೆ ಒಂದೇ ಒಂದು ತಗೊಳ್ಳೋ ಅಷ್ಟು ಜೋರಿನದು, ಅದೂ ಡಾಕ್ಟರ್ ಹೇಳಿದ್ರೆ. ಈ ಕುದುರೆಲೂ ಅದೇ ವಿಟಮಿನ್ ಡಿ ಇದೆ, ಹೆಸರು ಮಾತ್ರ ಬೇರೆ. ನೀವು ದಿನಾ ಎರಡು ಹೊತ್ತು ಚಮಚ ತುಂಬ ಕೊಟ್ಟಿದೀರ."

"ವಿಟಮಿನ್ ತಾನೇ ಸಿಸ್ಟರ್? ಜಾಸ್ತಿ ಆದದ್ದು ಮೂತ್ರದಲ್ಲಿ ಹೋಗಲ್ವಾ?"

"ಕೆಲವು ಹೋಗ್ತವೆ, ಕೆಲವು ಹೋಗಲ್ಲ. ಡಿ ಮೈಯಲ್ಲೇ ಕೂತ್ಕೊಳ್ಳುತ್ತೆ. ಮಿತಿ ಮೀರಿದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತೆ. ವಾಂತಿ, ದಾಹ, ಮಲಬದ್ಧತೆ, ಮಂಕು, ಎಲ್ಲಾ ಅದರಿಂದ್ಲೂ ಬರುತ್ತೆ. ಮೂತ್ರಪಿಂಡಕ್ಕೂ ಏಟು. ಇನ್ನು ಈ ಹೂವು. ಮನಸ್ಸಿಗೆ ಅಂತ ಮಾರೋ ಕೆಲವು ಗಿಡಮೂಲಿಕೆಗಳು ಖಿನ್ನತೆ ಮಾತ್ರೆ ಜೊತೆ ಸೇರಿದ್ರೆ ಅಪಾಯ. ಡಾಕ್ಟರಿಗೆ ಹೇಳದೆ ಜೊತೇಲಿ ತಗೊಳ್ಳಲೇಬಾರದು. ಆಮೇಲೆ, ಖಿನ್ನತೆ ಮಾತ್ರೇನ ಹೀಗೆ ತಟ್ಟಂತ ಬಿಡಿಸಿದ್ರಲ್ಲಾ, ತಲೆಸುತ್ತು, ಸಿಡಿಮಿಡಿ ಏನಾದ್ರೂ ಆಗಿದ್ರೆ ಅದರಿಂದ್ಲೇ ಬಂದಿರಬಹುದು."

ಬಣ್ಣದಣ್ಣ ಸೀಸೆಗಳನ್ನ ದೂರ ತಳ್ಳಿದ. "ಹಾಗಾದ್ರೆ ವಿಟಮಿನ್ನೇ ಸುಳ್ಳಾ ಸಿಸ್ಟರ್?"

"ಸುಳ್ಳಲ್ಲಣ್ಣಾ. ಮೈಯಲ್ಲಿ ಬಿ-ಹನ್ನೆರಡು, ಕಬ್ಬಿಣದ ಅಂಶ, ಡಿ, ಇಂಥದ್ದು ಕಮ್ಮಿ ಇದ್ರೆ ಸುಸ್ತು, ಬೇಜಾರು ಬರೋದು ಉಂಟು. ಕಮ್ಮಿ ಇದ್ದದ್ದನ್ನ ತುಂಬಿಸಿದ್ರೆ ಉಪಯೋಗ ಆಗುತ್ತೆ. ಆದ್ರೆ ಯಾವುದು ಕಮ್ಮಿ ಅಂತ ರಕ್ತ ಹೇಳಬೇಕು, ಟೈಲ್ಸ್ ಮೇಸ್ತ್ರಿ ಅಲ್ಲ. ಅದೂ ಖಿನ್ನತೆ ಮಾತ್ರೆ ಜೊತೆಗೆ. ಅದರ ಬದಲಿಗೆ ಅಲ್ಲ."

ಡಾಕ್ಟರಮ್ಮ ಬಂದು ನೋಡಿ ಆವತ್ತೇ ರಕ್ತ ತೆಗೆಸಿದಳು. ಕ್ಯಾಲ್ಸಿಯಂ ಏರಿತ್ತು. ಬಿ-ಹನ್ನೆರಡು ಪಾತಾಳ ಸೇರಿತ್ತು. ನೋಡಿ ವಿಚಿತ್ರ! ಬೇಡದ್ದು ಉಕ್ಕಿ ಹರೀತಾ ಇತ್ತು, ಬೇಕಾದ್ದು ಆ ಡಬ್ಬಿಯಲ್ಲಿ ಇರಲೇ ಇಲ್ಲ. ಮೈಕಕ್ಕನ್ನ ಆಸ್ಪತ್ರೇಲೇ ಇರಿಸ್ಕೊಂಡು ಕ್ಯಾಲ್ಸಿಯಂ ಇಳಿಸೋಕೆ ಸಲೈನ್ ಬಾಟಲಿ ಹಾಕಿದ್ರು.

ಕೈಗೆ ಸೂಜಿ ಚುಚ್ಚಿಸ್ಕೊಂಡು ಮಲಗಿದ್ದ ಹೆಂಡತಿ ಪಕ್ಕ ಬಣ್ಣದಣ್ಣ ಕೂತ. ವಾರ್ಡಿನ ಗೋಡೆ ನೋಡಿದ. ಮೂಲೆಯಲ್ಲಿ ಬಣ್ಣ ಹಪ್ಪಳ ಎದ್ದಿತ್ತು.

"ಒಳಗೆ ತೇವ ಇದೆ," ಅಂದ. "ಅದನ್ನ ನೋಡದೆ ಮೇಲೆ ಬಳಿದಿದ್ದಾರೆ, ದಡ್ಡರು. ನಾನಾಗಿದ್ರೆ ಮೊದಲು ಗೋಡೆಗೆ ಅಂಗೈ ಇಟ್ಟು, ನೀರು ಎಲ್ಲಿಂದ ಬರ್ತಿದೆ ಅಂತ ನೋಡ್ತಿದ್ದೆ."

ಮೈಕಕ್ಕ ಕಣ್ಣು ತೆರೆದು ಅವನನ್ನೇ ನೋಡಿದಳು.

"ಗೋಡೆಗೆ ಅಂಗೈ ಇಟ್ಟು ನೋಡ್ತೀರಿ. ನನ್ನ ಹಣೆಗೆ ಒಂದ್ಸಲ ಇಟ್ಟು ನೋಡಿದ್ರಾ?"

ಬಣ್ಣದಣ್ಣ ಕೈ ಎತ್ತಿ ಅವಳ ಹಣೆ ಮೇಲೆ ಇಟ್ಟ. ಉಗುರಿನ ಸಂದಿನಲ್ಲೆಲ್ಲಾ ಹಳದಿ ಬಣ್ಣ. ಅವಳು ಕೈ ತೆಗಿ ಅನ್ನಲಿಲ್ಲ.

"ಜನ ಏನಂತಾರೋ ಅಂತ ಹೆದರಿಬಿಟ್ಟೆ ಕಣೇ," ಅಂದ.

"ಜನ ಎಲ್ಲಾ ಮೈಕಲ್ಲೇ ಕೇಳಿಸ್ಕೊಂಡಾಯ್ತಲ್ಲಾ. ಇನ್ನೇನಿದೆ ಮುಚ್ಚಿಡೋಕೆ?"

ಹೌದಲ್ವಾ! ಕೇಳಿದ ಜನ ಏನು ಮಾಡಿದ್ರು ಗೊತ್ತಾ? ಡ್ರೈವರು ಮೂಸಂಬಿ ತಂದ. ಕಡಲೆಕಾಯಿಯವನು ಬಂದು, "ಅಕ್ಕಾ, ನನ್ನ ತಂಗಿಗೂ ಹೀಗೇ ಆಗಿತ್ತು, ಈಗ ಚೆನ್ನಾಗಿದ್ದಾಳೆ" ಅಂದ. ಯಾರೂ ತಲೆ ಕೆಟ್ಟೋಳು ಅನ್ನಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಮಾತ್ರ ಇನ್ನೂ ಗೊಣಗ್ತಾ ಇದ್ದಳು. ವಿಚಾರಿಸ್ಕೊಂಡು ಹೋಗೋಕೆ ಬಂದ ನರ್ಸಮ್ಮನ್ನ ಬಾಗಿಲಲ್ಲೇ ತಡೆದಳು.

"ಅಲ್ಲಮ್ಮಾ, ಮನಸ್ಸಿಗೆ ಬೇಜಾರಾದ್ರೆ ಮಾತ್ರೆ ಯಾಕೆ? ಗಟ್ಟಿ ಮನಸ್ಸು ಮಾಡ್ಕೊಂಡ್ರೆ ಆಗಲ್ವಾ?"

"ಅಜ್ಜೀ, ನಿಮಗೆ ಮಂಡಿ ನೋವಿದೆ ಅಲ್ವಾ? ಗಟ್ಟಿ ಮಂಡಿ ಮಾಡ್ಕೊಂಡು ನಡೀರಿ ನೋಡೋಣ."

ಅಜ್ಜಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನರ್ಸಮ್ಮ ಹೊರಡೋವಾಗ ಹಿಂದಿಂದ ಮೆಲ್ಲಗೆ ಅಂದಳು, "ನಂಗೂ ಸುಸ್ತು ಜಾಸ್ತಿ ಕಣಮ್ಮಾ. ನನ್ನ ರಕ್ತನೂ ಒಂದ್ಸಲ ನೋಡಿಬಿಡು."

ಹೀಗೆ ಮೈಕಕ್ಕನಿಗೆ ಸರಿಯಾದ ದಾರಿ ಸಿಕ್ಕಿತು. ಬಿ-ಹನ್ನೆರಡಕ್ಕೆ ಇಂಜೆಕ್ಷನ್ನು. ಖಿನ್ನತೆ ಮಾತ್ರೇನ ಡಾಕ್ಟರಮ್ಮ ಮತ್ತೆ ಕಮ್ಮಿಯಿಂದ ಶುರು ಮಾಡಿದಳು. ಊಟದಲ್ಲಿ ಸೊಪ್ಪು, ಬೇಳೆ, ಹಾಲು, ಮೊಟ್ಟೆ. ಸಂಜೆ ಗಂಡ ಹೆಂಡತಿ ಒಂದು ಸುತ್ತು ನಡೆಯೋದು. ವಾರಕ್ಕೊಂದ್ಸಲ ಆಪ್ತಸಲಹೆ ಕೊಡೋ ಮೇಡಂ ಹತ್ರ ಕೂತು ಮನಸ್ಸಿನಲ್ಲಿದ್ದದ್ದು ಹೇಳ್ಕೊಳ್ಳೋದು. ಮೈಕಕ್ಕನಿಗೆ "ಮಾತಾಡಿ" ಅಂತ ಆಸ್ಪತ್ರೆಯವರೇ ಹೇಳಿದ್ದು ಇದೇ ಮೊದಲು!

ರಾತ್ರಿ ಕಳೆದು ಬೆಳಗಾಗೋದ್ರಲ್ಲಿ ಗುಣವಾಗಲಿಲ್ಲ. ನಾನು ಬೇರೆ ವಿಷಯಕ್ಕೆ ಬಣ್ಣ ಕಟ್ಟಿ ಹೇಳ್ತೀನಿ, ಇದಕ್ಕೆ ಹೇಳಲ್ಲ. ಒಂದಿನ ಎದ್ದು ತಲೆ ಬಾಚ್ಕೊಳ್ತಿದ್ದಳು, ಮಾರನೇ ದಿನ ಮತ್ತೆ ಮುಸುಕು. ಬಣ್ಣದಣ್ಣನಿಗೂ ನಡುವೆ ಚಮಚದ ಆಸೆ ಬಂತು. "ಇದೇನು ಬಸವನಹುಳದ ಥರ ಹೋಗ್ತಿದೆ ಸಿಸ್ಟರ್?" ಅಂದಾಗ ನರ್ಸಮ್ಮ, "ಹೋಗ್ತಾ ಇದೆಯೋ ಇಲ್ವೋ? ಹೋಗಲಿ ಬಿಡಿ" ಅಂದಳು. ಸ್ವಲ್ಪ ಚೆನ್ನಾದ ಮೇಲೆ ಮೈಕಕ್ಕನೇ, "ಇನ್ನು ಮಾತ್ರೆ ಸಾಕಾ?" ಅಂದಳು. ಅದನ್ನೂ ಡಾಕ್ಟರಮ್ಮನ್ನೇ ಕೇಳಿದ್ರು. ಇನ್ನೂ ಕೆಲವು ತಿಂಗಳು ಬೇಕು, ಆಮೇಲೆ ನಿಧಾನಕ್ಕೆ ಇಳಿಸೋಣ ಅಂದಳು.

ಒಂದು ಸಂಜೆ ಬಣ್ಣದಣ್ಣ ಕೆಲಸದಿಂದ ಬಂದ. ಅಂಗಳದಲ್ಲಿ ಚೆಲ್ಲಿದ್ದ ಬಿಳಿ ಬಣ್ಣ ಕಾಲಿಗೆ ಮೆತ್ಕೊಂಡಿದ್ದು ನೋಡದೆ ಆಗಷ್ಟೇ ಒರೆಸಿದ ನೆಲದ ಮೇಲೆ ನಡೆದುಬಿಟ್ಟ. ಬಾಗಿಲಿಂದ ಅಡುಗೆಮನೆ ತನಕ ಬಾತುಕೋಳಿ ಮೆರವಣಿಗೆ ಹೋದ ಹಾಗೆ ಹೆಜ್ಜೆ ಗುರುತು.

"ಏನ್ರೀ ಇದು!"

ಮನೆ ಗಡಗಡ ಅಂತು. ತಟ್ಟೆ ಸ್ಟ್ಯಾಂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ಢಿಕ್ಕಿ ಹೊಡೆದ್ವು.

"ಕಣ್ಣು ಏಣಿ ಮೇಲೆ ಬಿಟ್ಟು ಬಂದ್ರಾ? ಸೊಂಟ ಬಗ್ಗಿಸಿ ಒರೆಸಿದೀನಿ, ಸೊಂಟ! ಊರವರ ಗೋಡೆಗೆಲ್ಲಾ ಬಳೀತೀರಿ, ನಮ್ಮನೆ ನೆಲಕ್ಕೆ ಬಳೀರಿ ಅಂತ ಯಾರಾದ್ರೂ ಗುತ್ತಿಗೆ ಕೊಟ್ರಾ?"

ಬೀದಿಯಲ್ಲಿ ಹೋಗೋರು ನಿಂತ್ರು. ಒಳಗಿಂದ ಅತ್ತೆ, "ಅಬ್ಬಬ್ಬಾ, ಕಿವಿ ತೂತು ಬಿತ್ತು" ಅಂದಳು.

ಬಣ್ಣದಣ್ಣ ಸುಮ್ಮನೆ ನಿಂತು ಕೇಳಿದ. ಪೂರ್ತಿ ಕೇಳಿದ. ಅವಳು ಉಸಿರು ತಗೊಳ್ಳೋಕೆ ನಿಲ್ಲಿಸಿದಳು ನೋಡಿ, ಅವನು ಮೆಲ್ಲಗೆ ಅಂಗಳಕ್ಕೆ ಹೋಗಿ, ಚೆಲ್ಲಿದ್ದ ಬಣ್ಣದ ಮೇಲೆ ಇನ್ನೊಂದು ಸಲ ಕಾಲಿಟ್ಟು, ಒಳಗೆ ಬಂದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೇಲೂ ಯಾರಾದ್ರೂ ವಾರಗಟ್ಟಲೆ ಮಂಕಾಗಿದ್ರೆ, ಊಟ ನಿದ್ದೆ ಬಿಟ್ಟಿದ್ರೆ, ಪಕ್ಕದಲ್ಲಿ ಕೂತು ಕೇಳಿ. ನಾಚಿಕೆ ಬೇಡ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ. ವಿಟಮಿನ್ ಕೆಟ್ಟದ್ದಲ್ಲ, ಆದ್ರೆ ಯಾವುದು, ಎಷ್ಟು, ಎಷ್ಟು ದಿನ ಅನ್ನೋದನ್ನ ಡಾಕ್ಟರ್ ಹೇಳಲಿ. ಈಗಾಗಲೇ ನುಂಗ್ತಾ ಇರೋ ಮಾತ್ರೆ, ಪುಡಿ, ಕಷಾಯ ಏನಿದ್ರೂ ಅವರ ಮುಂದೆ ಇಡಿ, ಮುಚ್ಚಿಡಬೇಡಿ. ಡಾಕ್ಟರ್ ಕೊಟ್ಟ ಖಿನ್ನತೆ ಮಾತ್ರೇನ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಬದುಕೇ ಬೇಡ ಅಂತ ಯಾರ ಬಾಯಲ್ಲಾದ್ರೂ ಬಂದ್ರೆ ನಾಳೆ ಅನ್ನಬೇಡಿ. ಒಬ್ಬರನ್ನೇ ಬಿಡದೆ, ಅವತ್ತೇ, ಆ ಗಳಿಗೆಲೇ ಹೊರಡಿ.

ಇದನ್ನ ಓದ್ತಿರೋರು ನೀವೇ ಮಂಕಾಗಿದ್ರೆ, ನಿಮಗೂ ಅದೇ ಮಾತು. ಇವತ್ತೇ ಯಾರಿಗಾದ್ರೂ ಒಬ್ಬರಿಗೆ ಹೇಳಿ. ಮೈಕ್ ಬೇಕಾಗಿಲ್ಲ, ಮೆಲ್ಲಗೆ ಹೇಳಿದ್ರೂ ಸಾಕು.